ಒಂಬತ್ತರಲ್ಲಿ ಒಂದು ಮತ

2020ರ ಜೂನ್ 9ರ ರಾತ್ರಿ. ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ ಕೋವಿಡ್ ಕಾರಣಕ್ಕೆ ಸಿಟಿ ಹಾಲ್ ಮುಚ್ಚಿತ್ತು. ಪೊಲೀಸರ ಕೈಯಲ್ಲಾದ ಜಾರ್ಜ್ ಫ್ಲಾಯ್ಡ್ ಹತ್ಯೆಯ ಬಿಸಿ ಇನ್ನೂ ಆರಿರಲಿಲ್ಲ. ಕ್ಯಾಪಿಟಲ್ ಹಿಲ್ ಬಡಾವಣೆಯಿಂದ ಮೆರವಣಿಗೆಯಲ್ಲಿ ಬಂದ ನೂರಾರು ಜನ ಆ ಕಟ್ಟಡದ ಮುಂದೆ ನಿಂತಿದ್ದರು. ಅವರ ನಡುವೆಯೇ ಇದ್ದ ನಗರ ಕೌನ್ಸಿಲ್ ಸದಸ್ಯೆಯೊಬ್ಬರು ತಮ್ಮ ಹುದ್ದೆಗೆ ಕೊಟ್ಟಿದ್ದ ಕೀಯಿಂದ ಬಾಗಿಲು ತೆಗೆದರು. ಜನ ಒಳಗೆ ನುಗ್ಗಿದರು, ಭಾಷಣವಾಯಿತು, ಘೋಷಣೆಗಳಾದವು, ಆಮೇಲೆ ಹೊರಟುಹೋದರು.

ಬಾಗಿಲು ತೆಗೆದವರು ಕ್ಷಮಾ ಸಾವಂತ್. ಅವರ ಹತ್ತು ವರ್ಷಗಳ ನಗರ ರಾಜಕಾರಣ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಕೀಯನ್ನೇ ತೋರಿಸುತ್ತೇನೆ. ಅದು ಸದಸ್ಯೆಯ ಕೈಗೆ ಬಂದದ್ದು ಕಚೇರಿ ಕೆಲಸ ನಡೆಸಲಿಕ್ಕೋ, ಅಥವಾ ತನ್ನನ್ನು ಗೆಲ್ಲಿಸಿದವರಿಗೆ ಕಟ್ಟಡವನ್ನೇ ತೆರೆದುಕೊಡಲಿಕ್ಕೋ? ಮೇಯರ್ ಜೆನ್ನಿ ಡರ್ಕನ್‌ಗೆ ಉತ್ತರ ಖಚಿತವಿತ್ತು. ಕ್ಷಮಾ ಅವರಿಗೂ ಅಷ್ಟೇ ಖಚಿತವಿತ್ತು, ತಿರುವುಮುರುವಾಗಿ. ಈ ಜಗಳ ಕೋರ್ಟಿಗೆ ಹೋಯಿತು, ಅಲ್ಲಿಂದ ಮತಪತ್ರಕ್ಕೆ ಬಂತು, ಕೊನೆಗೆ 310 ಮತಗಳ ಅಂತರದಲ್ಲಿ ತೀರ್ಮಾನವಾಯಿತು.

ನಮಗೆ ಕಾರ್ಪೊರೇಟರ್ ಎಂದರೆ ಮೋರಿ, ಬೀದಿದೀಪ, ಕಸದ ಗಾಡಿ, ಖಾತಾ. ಬೆಂಗಳೂರಿಗಂತೂ 2020ರ ಸೆಪ್ಟೆಂಬರಿನಲ್ಲಿ 198 ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅದೂ ಇರಲಿಲ್ಲ. ಸಿಯಾಟಲ್‌ನ ಏಳು ಲಕ್ಷಕ್ಕೂ ಹೆಚ್ಚು ಜನಕ್ಕೆ ಇರುವುದು ಒಂಬತ್ತೇ ಸದಸ್ಯರ ಕೌನ್ಸಿಲ್. ಆದರೆ ಆ ಒಂಬತ್ತು ಜನರ ಕೈಯಲ್ಲಿರುವ ಅಧಿಕಾರ ನಮ್ಮ ಪಾಲಿಕೆ ಸದಸ್ಯರು ಕನಸಿನಲ್ಲೂ ಕಾಣದಷ್ಟು ದೊಡ್ಡದು. ಊರಿನ ಕನಿಷ್ಠ ಕೂಲಿ ಎಷ್ಟು, ಬಾಡಿಗೆದಾರರನ್ನು ಯಾವಾಗ ಎಬ್ಬಿಸಬಹುದು, ದೊಡ್ಡ ಕಂಪನಿಗಳ ಮೇಲೆ ಎಂಥ ತೆರಿಗೆ, ಯಾವ ಯಾವ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎನ್ನುವುದನ್ನೆಲ್ಲ ಅವರು ಕಾನೂನು ಮಾಡಿ ನಿರ್ಧರಿಸಬಲ್ಲರು. ನಮ್ಮಲ್ಲಿ ಇದು ವಿಧಾನಸಭೆಯ ಅಥವಾ ಸಂಸತ್ತಿನ ಕೆಲಸ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಒಬ್ಬ ಕೌನ್ಸಿಲ್ ಸದಸ್ಯೆಯನ್ನು ಕೆಳಗಿಳಿಸಲು ಜಗತ್ತಿನ ದೊಡ್ಡ ಕಂಪನಿಯೊಂದು ಏಕೆ ಲಕ್ಷಗಟ್ಟಲೆ ಡಾಲರ್ ಸುರಿಯಿತು ಎನ್ನುವುದು ಅರ್ಥವಾಗುವುದಿಲ್ಲ.

ಕ್ಷಮಾ ಹುಟ್ಟಿದ್ದು 1973ರಲ್ಲಿ, ಪುಣೆಯಲ್ಲಿ. ಬೆಳೆದದ್ದು ಮುಂಬೈಯಲ್ಲಿ, ತಮಿಳು ಬ್ರಾಹ್ಮಣ ಕುಟುಂಬದಲ್ಲಿ. ಹದಿಮೂರನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಕುಡಿದು ವಾಹನ ಓಡಿಸುತ್ತಿದ್ದವನೊಬ್ಬ ಗುದ್ದಿದ್ದ. ತಾಯಿ ಶಾಲೆಯ ಪ್ರಾಂಶುಪಾಲೆ. ಮಗಳು ಮುಂಬೈ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಮದುವೆಯಾಗಿ, ಅಮೆರಿಕಕ್ಕೆ ಹೋದರು. ಇಲ್ಲಿಯವರೆಗೆ ಜಯನಗರದ ಯಾವ ಮನೆಯಲ್ಲಾದರೂ ಕೇಳಿಬರುವ ಕಥೆಯೇ. ಬೇರೆಯಾದದ್ದು ಆಮೇಲೆ. ಸಾಫ್ಟ್‌ವೇರ್ ಬಿಟ್ಟು ಅರ್ಥಶಾಸ್ತ್ರಕ್ಕೆ ಹೊರಳಿ, 2009ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಅಷ್ಟರಲ್ಲಾಗಲೇ ಸಿಯಾಟಲ್‌ಗೆ ಬಂದು, ಸೋಷಿಯಲಿಸ್ಟ್ ಆಲ್ಟರ್ನೇಟಿವ್ ಎಂಬ ಪುಟ್ಟ ಎಡಪಕ್ಷ ಸೇರಿದ್ದರು. ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದರು. ಪೌರತ್ವ ಸಿಕ್ಕಿದ್ದು 2010ರಲ್ಲಿ. ಎರಡೇ ವರ್ಷಕ್ಕೆ ವಾಷಿಂಗ್ಟನ್ ರಾಜ್ಯದ ಕೆಳಮನೆಯ ಸ್ಪೀಕರ್ ಫ್ರಾಂಕ್ ಚಾಪ್ ಎದುರೇ ಚುನಾವಣೆಗೆ ನಿಂತು ಸೋತರು. ಸೋತರೂ ಸುಮಾರು ಶೇ 29ರಷ್ಟು ಮತ ಬಂದಿತ್ತು.

2013ರಲ್ಲಿ ಕೌನ್ಸಿಲ್‌ಗೆ ನಿಂತಾಗ ಎದುರಾಳಿ ರಿಚರ್ಡ್ ಕಾನ್ಲಿನ್. ಹದಿನಾರು ವರ್ಷ ಕೂತಿದ್ದ ಕುರ್ಚಿ, ಒಳ್ಳೆಯ ಹೆಸರು, ಪರಿಸರವಾದಿ. ಎಣಿಕೆಯ ಮೊದಲ ರಾತ್ರಿ ಕ್ಷಮಾ ಹಿಂದಿದ್ದರು. ಪತ್ರಿಕೆಗಳು ಫಲಿತಾಂಶ ಬರೆದೂಬಿಟ್ಟವು. ಆದರೆ ಆ ರಾಜ್ಯದಲ್ಲಿ ಮತಗಟ್ಟೆ ಇಲ್ಲ, ಮತಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ಚುನಾವಣೆಯ ದಿನದೊಳಗೆ ಮುದ್ರೆ ಬಿದ್ದಿದ್ದರೆ ಸಾಕು, ಕೆಲವು ದಿನ ತಡವಾಗಿ ತಲುಪಿದರೂ ಎಣಿಸುತ್ತಾರೆ. ಬೇಗ ಕಳಿಸುವವರು ಹಿರಿಯರು, ಸ್ವಂತ ಮನೆಯವರು. ಕೊನೆಯ ಗಳಿಗೆಯಲ್ಲಿ ಡಬ್ಬಿಗೆ ಹಾಕುವವರು ಹುಡುಗರು, ಬಾಡಿಗೆಯವರು, ಎರಡು ಪಾಳಿ ದುಡಿಯುವವರು. ದಿನ ಕಳೆದಂತೆ ಅಂತರ ಕರಗಿ, ಹತ್ತು ದಿನದ ಮೇಲೆ ಕಾನ್ಲಿನ್ ಸೋಲೊಪ್ಪಿಕೊಂಡರು. ಗೆಲುವಿನ ಅಂತರ ಮೂರು ಸಾವಿರ ಚಿಲ್ಲರೆ. ಮುಂದೆ ಕ್ಷಮಾ ಅವರ ಇನ್ನೆರಡು ಚುನಾವಣೆಗಳಲ್ಲೂ ಇದೇ ಆಟ: ಮೊದಲ ರಾತ್ರಿ ಸೋಲು, ವಾರದ ಕೊನೆಗೆ ಗೆಲುವು.

ಇಡೀ ಸಿಯಾಟಲ್ ಮತ ಹಾಕುವ ಚುನಾವಣೆಯಲ್ಲಿ ಸಮಾಜವಾದಿಯೊಬ್ಬರು ಗೆದ್ದು ಹೆಚ್ಚುಕಮ್ಮಿ ನೂರು ವರ್ಷವಾಗಿತ್ತು. ಹಿಂದಿನವರು ಆನಾ ಲೂಯಿ ಸ್ಟ್ರಾಂಗ್, 1916ರಲ್ಲಿ ಶಾಲಾ ಮಂಡಳಿಗೆ ಆಯ್ಕೆಯಾದ ಪತ್ರಕರ್ತೆ. ಮೊದಲ ಮಹಾಯುದ್ಧವನ್ನು ವಿರೋಧಿಸಿದ್ದಕ್ಕೆ 1918ರಲ್ಲಿ ಅದೇ ಮತದಾರರು ಮತ ಹಾಕಿ ಆಕೆಯನ್ನು ಹುದ್ದೆಯಿಂದ ವಾಪಸ್ ಕರೆಸಿಕೊಂಡರು. ಮುಂದಿನ ವರ್ಷ ಸಿಯಾಟಲ್‌ನ ಕಾರ್ಮಿಕರೆಲ್ಲ ಐದು ದಿನ ಊರನ್ನೇ ಬಂದ್ ಮಾಡಿದರು, ಆಕೆ ಅದರ ಬಗ್ಗೆ ಬರೆದರು, ಕೊನೆಗಾಲದಲ್ಲಿ ಚೀನಾ ಸೇರಿ 1970ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಂಡರು. 2013ರ ವಿಜಯೋತ್ಸವದಲ್ಲಿ ಆನಾ ಹೆಸರು ಎತ್ತಿದವರು ಆಕೆ ಹೇಗೆ ಹೊರಬಿದ್ದರು ಎನ್ನುವ ಭಾಗವನ್ನು ಅಷ್ಟಾಗಿ ನೆನೆಯಲಿಲ್ಲ.

ಕ್ಷಮಾ ಕೇಳಿದ್ದು ಒಂದೇ ಅಂಕಿ: 15. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ. 2014ರಲ್ಲಿ ರಾಜ್ಯದಲ್ಲಿದ್ದದ್ದು 9 ಡಾಲರ್ 32 ಸೆಂಟ್. ಗೆದ್ದ ಮೇಲೆ ತಮ್ಮ ಸುಮಾರು 1,17,000 ಡಾಲರ್ ವಾರ್ಷಿಕ ಸಂಬಳದಲ್ಲಿ 40,000 ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹೋರಾಟದ ನಿಧಿಗೆ ಹಾಕುತ್ತೇನೆ ಎಂದರು, ಹಾಗೇ ಮಾಡಿದರು. ಆದರೆ ಒಂಬತ್ತರಲ್ಲಿ ಒಂದು ಮತದಿಂದ ಏನಾಗುತ್ತದೆ?

2014ರ ಜೂನ್ 2ರಂದು 15 ಡಾಲರ್ ಕಾನೂನು ಅಂಗೀಕಾರವಾದದ್ದು ಒಂಬತ್ತಕ್ಕೆ ಒಂಬತ್ತು ಮತದಿಂದ. ಅಂದರೆ ಕ್ಷಮಾ ಯಾರನ್ನು ಬಂಡವಾಳಶಾಹಿಗಳ ಬಾಲಬಡುಕರು ಎನ್ನುವ ಧಾಟಿಯಲ್ಲಿ ಜರೆಯುತ್ತಿದ್ದರೋ ಆ ಎಂಟು ಮಂದಿಯೂ ಕೈ ಎತ್ತಿದರು. ಮೇಯರ್ ಎಡ್ ಮರ್ರೆ ಉದ್ಯಮಿಗಳನ್ನೂ ಕಾರ್ಮಿಕ ಸಂಘದವರನ್ನೂ ಒಂದೇ ಸಮಿತಿಯಲ್ಲಿ ಕೂರಿಸಿ ಚೌಕಾಸಿ ಮಾಡಿಸಿದ್ದರು. ಹೊರಗೆ ಕ್ಷಮಾ ಬಳಗದವರು ಒಪ್ಪಂದವಾಗದಿದ್ದರೆ ನೇರ ಜನಮತಕ್ಕೇ ಹೋಗುತ್ತೇವೆ ಎಂದು ಸಹಿ ಸಂಗ್ರಹಿಸುತ್ತಿದ್ದರು. ಪಕ್ಕದ ಸೀಟ್ಯಾಕ್ ಊರಿನಲ್ಲಿ ಜನಮತದಿಂದಲೇ 15 ಡಾಲರ್ ಗೆದ್ದದ್ದು ಎಲ್ಲರ ಕಣ್ಣ ಮುಂದಿತ್ತು. ಒಳಗೆ ಕೂತ ಉದ್ಯಮಿಗೆ ಹೊರಗಿನ ಸದ್ದು ಕೇಳಿಸುತ್ತಿದ್ದರೆ ಚೌಕಾಸಿ ಬೇಗ ಮುಗಿಯುತ್ತದೆ. ಕೂಲಿ ಒಮ್ಮೆಗೇ ಏರಲಿಲ್ಲ. ದೊಡ್ಡ ಕಂಪನಿಗೆ ಮೂರು ನಾಲ್ಕು ವರ್ಷ, ಸಣ್ಣ ಅಂಗಡಿಗೆ ಏಳು ವರ್ಷದವರೆಗೆ ಸಮಯ ಸಿಕ್ಕಿತು. ಈ ರಿಯಾಯಿತಿಗಳನ್ನು ತೆಗೆಸಲು ಕ್ಷಮಾ ತಂದ ತಿದ್ದುಪಡಿಗಳು ಬಿದ್ದುಹೋದವು. ಬಿದ್ದರೂ ಮಸೂದೆಗೆ ಮತ ಹಾಕಿದರು. ಅವರನ್ನು ರಾಜಿಯೇ ಗೊತ್ತಿಲ್ಲದವರು ಎನ್ನುವವರಿಗೆ ನಾನು ಈ ದಿನವನ್ನು ನೆನಪಿಸುತ್ತೇನೆ.

ಕೂಲಿ ಏರಿದ್ದರಿಂದ ಒಳಿತಾಯಿತೇ? 2017ರ ಜೂನ್‌ನಲ್ಲಿ ಒಂದೇ ವಾರದೊಳಗೆ ಎರಡು ಅಧ್ಯಯನ ಬಂದವು. ಬರ್ಕ್ಲಿ ವಿಶ್ವವಿದ್ಯಾಲಯದವರು ಹೋಟೆಲ್‌, ರೆಸ್ಟೋರೆಂಟ್‌ಗಳನ್ನು ನೋಡಿ ಕೂಲಿ ಏರಿದೆ, ಕೆಲಸ ಹೋಗಿಲ್ಲ ಎಂದರು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕೂಲಿ 13 ಡಾಲರ್‌ಗೆ ಏರಿದಾಗ ಕಡಿಮೆ ಸಂಬಳದವರ ದುಡಿಮೆಯ ಗಂಟೆಗಳು ಸುಮಾರು ಶೇ 9ರಷ್ಟು ಇಳಿದು, ತಿಂಗಳಿಗೆ ಸರಾಸರಿ 125 ಡಾಲರ್ ನಷ್ಟವಾಯಿತು ಎಂದರು. ಅದೇ ತಂಡ ಮುಂದೆ ಇನ್ನಷ್ಟು ಕೆದಕಿ, ಆಗಲೇ ಕೆಲಸದಲ್ಲಿದ್ದ ಅನುಭವಸ್ಥರಿಗೆ ಲಾಭವಾಗಿದೆ, ಹೊಸಬರಿಗೆ ಬಾಗಿಲು ಸ್ವಲ್ಪ ಕಿರಿದಾಗಿದೆ ಎನ್ನುವ ಅರ್ಥದ ಮಾತು ಹೇಳಿತು. ಕೂಲಿ ಏರಿಕೆಯ ಪರ, ವಿರೋಧ ಎರಡೂ ಕಡೆಯವರು ತಮಗೆ ಬೇಕಾದ ವರದಿ ಹಿಡಿದು ಇವತ್ತಿಗೂ ಜಗಳವಾಡುತ್ತಾರೆ. 2025ರಲ್ಲಿ ಸಿಯಾಟಲ್‌ನ ಕನಿಷ್ಠ ಕೂಲಿ ಗಂಟೆಗೆ 20 ಡಾಲರ್ 76 ಸೆಂಟ್. ಕೇಂದ್ರ ಸರ್ಕಾರದ್ದು 2009ರಿಂದ 7 ಡಾಲರ್ 25 ಸೆಂಟ್‌ನಲ್ಲೇ ನಿಂತಿದೆ.

ಅಮೆಜಾನ್ ಜೊತೆಗಿನ ಕದನ ಇನ್ನೊಂದು. 2018ರ ಮೇ ತಿಂಗಳಲ್ಲಿ ವರ್ಷಕ್ಕೆ 2 ಕೋಟಿ ಡಾಲರ್‌ಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಪ್ರತಿ ನೌಕರನಿಗೆ 275 ಡಾಲರ್ ತೆರಿಗೆ ಕಟ್ಟಬೇಕು, ಅದರಿಂದ ಬಡವರಿಗೆ ಮನೆ ಕಟ್ಟಬೇಕು ಎಂದು ಕೌನ್ಸಿಲ್ ಸರ್ವಾನುಮತದಿಂದ ನಿರ್ಣಯಿಸಿತು. ತಿಂಗಳು ತುಂಬುವ ಮೊದಲೇ, ಉದ್ಯಮಿಗಳ ಒತ್ತಡಕ್ಕೆ ಅದೇ ಕೌನ್ಸಿಲ್ ಏಳಕ್ಕೆ ಎರಡು ಮತದಿಂದ ಅದನ್ನು ರದ್ದು ಮಾಡಿತು. ಆ ಎರಡರಲ್ಲಿ ಒಂದು ಕ್ಷಮಾ ಅವರದು. 2019ರ ಚುನಾವಣೆಗೆ ಅಮೆಜಾನ್ ಸುರಿದದ್ದು ಸುಮಾರು 15 ಲಕ್ಷ ಡಾಲರ್. ನನಗೆ ಅನ್ನಿಸುವುದು, ಆ ಹಣವೇ ಕ್ಷಮಾ ಅವರನ್ನು ಗೆಲ್ಲಿಸಿತು. ಮೊದಲ ರಾತ್ರಿ ಎಂಟು ಶೇಕಡಾಂಶ ಹಿಂದಿದ್ದವರು ಕೊನೆಗೆ ಸುಮಾರು ಶೇ 52 ಮತದೊಂದಿಗೆ ಮೇಲೆದ್ದರು. ಕಂಪನಿಯೊಂದು ಊರಿನ ಕೌನ್ಸಿಲ್ಲನ್ನೇ ಖರೀದಿಸಲು ಹೊರಟಿದೆ ಎನ್ನುವ ಸಿಟ್ಟಿಗೆ ಅಂಥ ಬೆಲೆಯಿತ್ತು.

ಇನ್ನು ಕೀ ವಿಷಯ, ಕ್ಷಮಾ ಮೇಲೆ ಬಂದ ಆರೋಪಗಳಲ್ಲಿ ಮೊದಲನೆಯದು. ಎರಡನೆಯದೂ ಇತ್ತು: 2020ರ ಜೂನ್ 28ರಂದು ಮತ್ತೊಂದು ಮೆರವಣಿಗೆ ಮೇಯರ್ ಡರ್ಕನ್ ಅವರ ಮನೆಯ ಮುಂದೆ ಹೋಯಿತು, ಕ್ಷಮಾ ಅಲ್ಲಿ ಮಾತನಾಡಿದರು. ಡರ್ಕನ್ ಹಿಂದೆ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಆಗಿದ್ದವರು; ಬೆದರಿಕೆಗಳಿದ್ದ ಕಾರಣ ಅವರ ವಿಳಾಸ ಗುಟ್ಟಾಗಿತ್ತು. ಮೆರವಣಿಗೆ ಏರ್ಪಡಿಸಿದ್ದು ನಾನಲ್ಲ, ದಾರಿ ತೋರಿಸಿದ್ದೂ ನಾನಲ್ಲ ಎಂದರು ಕ್ಷಮಾ. ಇರಬಹುದು. ಆದರೂ ಒಬ್ಬ ಹೆಣ್ಣುಮಗಳ ಗುಟ್ಟಾದ ವಿಳಾಸದ ಮುಂದೆ ಮೈಕು ಹಿಡಿದು ನಿಲ್ಲುವುದಕ್ಕೆ ಮೊದಲು ಇನ್ನೊಬ್ಬ ಹೆಣ್ಣುಮಗಳು ಒಂದು ಕ್ಷಣ ತಡೆಯಬೇಕಿತ್ತು ಎಂದೇ ನನಗೆ ತೋರುತ್ತದೆ. ಮೂರನೆಯದು ಹಣದ ಮಾತು. ಅಮೆಜಾನ್ ಮೇಲೆ ತೆರಿಗೆ ಹಾಕುವ ಜನಮತದ ಪ್ರಚಾರಕ್ಕೆ ಕೌನ್ಸಿಲ್ ಕಚೇರಿಯ ದುಡ್ಡು, ಸಾಮಗ್ರಿ ಬಳಸಿದ್ದರು. ಸಾರ್ವಜನಿಕ ಸಂಪನ್ಮೂಲವನ್ನು ಪ್ರಚಾರಕ್ಕೆ ಬಳಸುವಂತಿಲ್ಲ ಎನ್ನುವುದು ಅಲ್ಲಿನ ಕಾನೂನು. ಇದನ್ನು 2021ರ ಮೇ ತಿಂಗಳಲ್ಲಿ ಅವರೇ ಒಪ್ಪಿಕೊಂಡು, ಖರ್ಚಾದದ್ದರ ಎರಡರಷ್ಟು, ಸುಮಾರು 3,515 ಡಾಲರ್ ದಂಡ ಕಟ್ಟಿದರು.

ಅಮೆರಿಕದ ಹಲವು ರಾಜ್ಯಗಳಲ್ಲಿ ಗೆದ್ದವರನ್ನು ನಡುವೆಯೇ ವಾಪಸ್ ಕರೆಸಿಕೊಳ್ಳುವ ಹಕ್ಕಿದೆ. ವಾಷಿಂಗ್ಟನ್ ರಾಜ್ಯದಲ್ಲಿ ಅದಕ್ಕೊಂದು ಜರಡಿ ಇಟ್ಟಿದ್ದಾರೆ. ನಿಮ್ಮ ಸಿದ್ಧಾಂತ ನಮಗೆ ಹಿಡಿಸುವುದಿಲ್ಲ ಎಂದರೆ ಸಾಲದು. ಅಧಿಕಾರ ದುರ್ಬಳಕೆ ಅಥವಾ ಪ್ರಮಾಣವಚನದ ಉಲ್ಲಂಘನೆಯ ನಿರ್ದಿಷ್ಟ ಆರೋಪ ಬೇಕು. ಕೋರ್ಟು ಆ ಆರೋಪ ನಿಜವೇ ಎಂದು ನೋಡುವುದಿಲ್ಲ. ನಿಜವೆಂದೇ ಇಟ್ಟುಕೊಂಡರೆ ಅದು ಕೆಳಗಿಳಿಸುವಷ್ಟು ದೊಡ್ಡದೇ ಎಂದಷ್ಟೇ ನೋಡುತ್ತದೆ, ಉಳಿದದ್ದು ಮತದಾರರಿಗೆ. ಕ್ಷಮಾ ಅವರನ್ನು ವಾಪಸ್ ಕರೆಸುವ ಅರ್ಜಿಯಲ್ಲಿದ್ದ ಆರು ಆರೋಪಗಳಲ್ಲಿ ಕೆಳಗಿನ ಕೋರ್ಟು ನಾಲ್ಕನ್ನು ಉಳಿಸಿತು, 2021ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಮೂರನ್ನು. ಬಿಟ್ಟುಹೋದ ನಾಲ್ಕನೆಯದು, ನನ್ನ ಲೆಕ್ಕದಲ್ಲಿ, ಎಲ್ಲಕ್ಕಿಂತ ಕುತೂಹಲದ್ದು: ಕಚೇರಿಗೆ ಯಾರನ್ನು ನೇಮಿಸಬೇಕು, ಯಾರನ್ನು ತೆಗೆಯಬೇಕು ಎನ್ನುವ ತೀರ್ಮಾನವನ್ನು ಕ್ಷಮಾ ತಮ್ಮ ಪಕ್ಷಕ್ಕೆ ಒಪ್ಪಿಸಿದ್ದಾರೆ ಎನ್ನುವುದು. ನಮ್ಮ ಕಡೆ ಹೈಕಮಾಂಡ್ ಕೇಳದೆ ಮೇಯರ್ ಆಯ್ಕೆಯೂ ಆಗುವುದಿಲ್ಲ, ಅದನ್ನು ಯಾರೂ ಅಪರಾಧ ಎನ್ನುವುದಿಲ್ಲ. ಅಲ್ಲಿ ಅದು ಕೋರ್ಟಿನ ಮೆಟ್ಟಿಲೇರಿತು.

ಮುಂದೆ ನಡೆದದ್ದು ತಮಾಷೆ. ಚುನಾವಣೆ ಡಿಸೆಂಬರಿಗೆ ಹೋದರೆ ಬಾಡಿಗೆದಾರರು, ವಿದ್ಯಾರ್ಥಿಗಳು ಮತ ಹಾಕುವುದಿಲ್ಲ, ನವೆಂಬರಿನ ಸಾಮಾನ್ಯ ಚುನಾವಣೆಯ ಜೊತೆಗೇ ಆಗಲಿ ಎನ್ನುವುದು ಕ್ಷಮಾ ಬಳಗದ ಲೆಕ್ಕ. ಅದಕ್ಕೆ ಸಹಿಗಳು ಬೇಗ ತುಂಬಬೇಕು. ಆದ್ದರಿಂದ ಕ್ಷಮಾ ತಮ್ಮನ್ನೇ ವಾಪಸ್ ಕರೆಸುವ ಅರ್ಜಿಗೆ ತಾವೇ ಸಹಿ ಹಾಕಿದರು, ಕಾರ್ಯಕರ್ತರು ಬೀದಿಯಲ್ಲಿ ನಿಂತು ಇನ್ನೂ ಸಾವಿರಾರು ಸಹಿ ಸಂಗ್ರಹಿಸಿದರು. ಆದರೂ ದಿನಾಂಕ ಬಿದ್ದದ್ದು ಡಿಸೆಂಬರ್ 7ಕ್ಕೆ, ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್‌ಗಳ ನಡುವೆ. ಮೊದಲ ರಾತ್ರಿ ಕೆಳಗಿಳಿಸಿ ಎಂದವರು ಸುಮಾರು ಶೇ 53. ಮತ್ತೆ ಅಂಚೆ ಡಬ್ಬಿಗಳು ಖಾಲಿಯಾದವು, ಮತ್ತೆ ಅಂತರ ಕರಗಿತು. ಸುಮಾರು 41,000 ಮತಗಳಲ್ಲಿ 310 ಮತದಿಂದ ಅವರು ಉಳಿದುಕೊಂಡರು. ಕ್ಷಮಾ ಇದನ್ನು ದುಡಿಯುವ ಜನರ ವಿಜಯ ಎಂದರು. ಅವರದೇ ಕ್ಷೇತ್ರದಲ್ಲಿ ಮತ ಹಾಕಿದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಬೇಡ ಎಂದಿದ್ದರು ಎನ್ನುವುದೂ ಅದೇ ಎಣಿಕೆಯಲ್ಲಿತ್ತು.

ನಮಗೆ ಹೆಚ್ಚು ಹತ್ತಿರದ್ದು 2023ರ ಫೆಬ್ರುವರಿ 21. ಆ ದಿನ ಕ್ಷಮಾ ತಂದ ಕಾನೂನಿನಿಂದ ಸಿಯಾಟಲ್ ಜಾತಿ ತಾರತಮ್ಯವನ್ನು ಹೆಸರು ಹಿಡಿದು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ಆರಕ್ಕೆ ಒಂದು ಮತ. ಇಬ್ಬರು ಸದಸ್ಯರು ಬಂದಿರಲಿಲ್ಲ. ಕಾನೂನು ಮಾಡಿದ್ದು ಸಣ್ಣ ಕೆಲಸ. ಬಣ್ಣ, ಧರ್ಮ, ಲಿಂಗ ಎಂಬ ಪಟ್ಟಿಯಲ್ಲಿ ಜಾತಿಯನ್ನೂ ಸೇರಿಸಿತು. ಕೆಲಸ, ಬಾಡಿಗೆ ಮನೆ, ಹೋಟೆಲ್ ಅಂಗಡಿಗಳಂಥ ಸಾರ್ವಜನಿಕ ಜಾಗ, ಇವುಗಳಲ್ಲಿ ಜಾತಿ ನೋಡಿ ಭೇದ ಮಾಡಿದರೆ ದೂರು ಕೊಡಬಹುದು. ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ 1950ರಿಂದಲೇ ಇರುವ ಪದ ಅಲ್ಲಿನ ಪಟ್ಟಿ ಸೇರಲು ಎಪ್ಪತ್ತಮೂರು ವರ್ಷ ಬೇಕಾಯಿತು. ಅಲ್ಲಿ ಜಾತಿಯನ್ನು ತಂದವರು ನಾವೇ ಆದ್ದರಿಂದ ತಡವಾಯಿತು ಎಂದು ಅವರನ್ನು ದೂರುವಂತಿಲ್ಲ.

ಭಾರತದಿಂದ ಹೋದವರು ಅಲ್ಲಿ ಇಬ್ಭಾಗವಾದರು. ದಲಿತ ಸಂಘಟನೆಗಳವರು, ಅಂಬೇಡ್ಕರ್‌ವಾದಿಗಳು ಸಭಾಂಗಣಕ್ಕೆ ಬಂದು ತಾವು ಅನುಭವಿಸಿದ್ದನ್ನು ಹೇಳಿದರು. ಹಿಂದೂ ಅಮೆರಿಕನ್ ಫೌಂಡೇಶನ್‌ನಂಥ ಸಂಘಟನೆಗಳು ಈ ಕಾನೂನು ಒಂದೇ ಸಮುದಾಯದತ್ತ ಬೆರಳು ತೋರಿಸುತ್ತದೆ, ದಕ್ಷಿಣ ಏಷ್ಯಾದ ಹೆಸರಿರುವವರನ್ನೆಲ್ಲ ಅನುಮಾನದಿಂದ ನೋಡುವಂತೆ ಮಾಡುತ್ತದೆ ಎಂದು ವಿರೋಧಿಸಿದವು. ವಿರುದ್ಧ ಮತ ಹಾಕಿದ ಸಾರಾ ನೆಲ್ಸನ್ ಅವರ ವಾದ, ಸಮಸ್ಯೆ ಎಷ್ಟಿದೆ ಎನ್ನುವ ಅಂಕಿಅಂಶವೇ ಇಲ್ಲದೆ ಕಾನೂನು ಮಾಡುತ್ತಿದ್ದೇವೆ ಎಂದು. ಅದು ಪೂರ್ತಿ ಹುರುಳಿಲ್ಲದ ಮಾತಲ್ಲ. ಆದರೆ ಜಾತಿ ಅಂಕಿಅಂಶಕ್ಕೆ ಸುಲಭವಾಗಿ ಸಿಗುವ ವಸ್ತುವೂ ಅಲ್ಲ. "ನಿಮ್ಮದು ಯಾವ ಊರು? ಅಲ್ಲಿ ಯಾವ ಬೀದಿ? ನಿಮ್ಮ ಮನೆದೇವರು?" ಎಂದು ನಗುನಗುತ್ತ ಮೂರು ಪ್ರಶ್ನೆ ಕೇಳಿ "ಓಹೋ, ಆ ಜನವಾ" ಎಂದು ತಿಳಿದುಕೊಳ್ಳುವ ವಿದ್ಯೆ ನಮಗೆ ಹುಟ್ಟಿನಿಂದ ಬಂದದ್ದು. ಇದು ಯಾವ ಎಚ್‌ಆರ್ ವಿಭಾಗದ ಫಾರಂನಲ್ಲಿ ದಾಖಲಾಗುತ್ತದೆ?

ಕ್ಷಮಾ ಈ ವಿಷಯದಲ್ಲಿ ತಮ್ಮ ಮನೆಯಿಂದಲೇ ಮಾತು ತೆಗೆದರು. ತಾವು ಬಹಳ ಪ್ರೀತಿಸುತ್ತಿದ್ದ ಅಜ್ಜ ಮನೆಗೆಲಸದ ಹೆಂಗಸನ್ನು ಜಾತಿಯ ಬೈಗುಳದಿಂದ ಕರೆಯುತ್ತಿದ್ದದ್ದು ನೆನಪಿದೆ ಎಂದು ಸಂದರ್ಶನದಲ್ಲಿ ಹೇಳಿಕೊಂಡರು. ಅಮೆಜಾನ್ ವಿರುದ್ಧದ ಹತ್ತು ಭಾಷಣಕ್ಕಿಂತ ಈ ಒಂದು ಮಾತು ಕಷ್ಟದ್ದು. ಅಂದಹಾಗೆ ಕಾನೂನಿನ ಗಡಿ ಸಿಯಾಟಲ್‌ನ ಗಡಿಯಷ್ಟೇ. ಮೈಕ್ರೋಸಾಫ್ಟ್‌ನ ಮುಖ್ಯ ಕಚೇರಿ ಇರುವುದು ಸರೋವರದ ಆಚೆ ದಡದ ರೆಡ್ಮಂಡ್‌ನಲ್ಲಿ. ಬೆಂಗಳೂರು, ಮೈಸೂರಿನಿಂದ ಹೋದ ಎಂಜಿನಿಯರುಗಳು ಮನೆ ಮಾಡುವ ಬೆಲ್ವ್ಯೂ ಕೂಡ ಆಚೆಯೇ. ಸೇತುವೆ ದಾಟಿದರೆ ಈ ಕಾನೂನು ಇಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರ ಸಿಯಾಟಲ್ ದಾರಿ ಹಿಡಿಯಿತು. ಆ ರಾಜ್ಯದ ಎರಡೂ ಸದನಗಳು ಅಂಥದೇ ಮಸೂದೆ ಅಂಗೀಕರಿಸಿದವು. ಅಕ್ಟೋಬರಿನಲ್ಲಿ ಗವರ್ನರ್ ಗೇವಿನ್ ನ್ಯೂಸಮ್ ಈಗಿರುವ ಕಾನೂನೇ ಸಾಕು ಎಂದು ಅದನ್ನು ತಳ್ಳಿಹಾಕಿದರು.

ಮತ್ತೆ ನಿಲ್ಲುವುದಿಲ್ಲ ಎಂದು ಕ್ಷಮಾ 2023ರ ಜನವರಿಯಲ್ಲೇ ಹೇಳಿದ್ದರು. ಹತ್ತು ವರ್ಷ ತುಂಬಿಸಿ, ಯಾರಿಂದಲೂ ಸೋಲದೆ, ಕೌನ್ಸಿಲ್ ಬಿಟ್ಟರು. ಆಮೇಲೆ ತಾವು ಬೆಳೆದ ಪಕ್ಷವನ್ನೂ ಬಿಟ್ಟರು. 2025ರಲ್ಲಿ, 1997ರಿಂದ ಸಂಸತ್ತಿನಲ್ಲಿರುವ ಡೆಮಾಕ್ರಟ್ ಆಡಂ ಸ್ಮಿತ್ ಎದುರು ಸ್ಪರ್ಧಿಸುವುದಾಗಿ ಘೋಷಿಸಿದರು.

ಅದಕ್ಕೂ ಮೊದಲು ಬೆಂಗಳೂರಿನ ಪ್ರಸಂಗವೊಂದಿದೆ. ಕ್ಷಮಾ ಅವರ ನಿವೃತ್ತ ಪ್ರಾಂಶುಪಾಲೆ ತಾಯಿ ಈ ಊರಿನಲ್ಲಿದ್ದರು, ಹೃದಯದ ಕಾಯಿಲೆಯಿತ್ತು. ನೋಡಲು ಬರಬೇಕೆಂದು 2024ರಲ್ಲಿ ಎರಡು ಸಲ ವೀಸಾಕ್ಕೆ ಅರ್ಜಿ ಹಾಕಿದರು, ಸಿಗಲಿಲ್ಲ. 2025ರ ಆರಂಭದಲ್ಲಿ ತುರ್ತು ವೀಸಾ ಕೇಳಿದರು, ಅದೂ ಇಲ್ಲ. 2020ರ ಫೆಬ್ರುವರಿಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಖಂಡಿಸಿ ಸಿಯಾಟಲ್ ಕೌನ್ಸಿಲ್‌ನಲ್ಲಿ ನಿರ್ಣಯ ತಂದದ್ದಕ್ಕೂ ಜಾತಿ ಕಾನೂನಿಗೂ ಇದು ಸೇಡು ಎನ್ನುವುದು ಅವರ ಆರೋಪ. 2025ರ ಫೆಬ್ರುವರಿ 6ರಂದು ಬೆಂಬಲಿಗರೊಂದಿಗೆ ಸಿಯಾಟಲ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ಧರಣಿ ಕೂತರು. ಕಚೇರಿ ವೇಳೆ ಮುಗಿದ ಮೇಲೆ ಅನುಮತಿಯಿಲ್ಲದೆ ಒಳಗೆ ಬಂದರು, ಹೊರಡಿ ಎಂದರೂ ಹೊರಡಲಿಲ್ಲ, ಸಿಬ್ಬಂದಿಯನ್ನು ಬೆದರಿಸಿದರು, ಹಾಗಾಗಿ ಸ್ಥಳೀಯ ಅಧಿಕಾರಿಗಳನ್ನು ಕರೆಸಬೇಕಾಯಿತು ಎಂದು ಕಾನ್ಸುಲೇಟ್ ಹೇಳಿಕೆ ಕೊಟ್ಟಿತು. ಕ್ಷಮಾ ಅವರ ಪತಿಗೆ ವೀಸಾ ಸಿಕ್ಕಿತ್ತು. ತಾಯಿಗೆ ಆಗ 82 ವರ್ಷ.